ಕೊಂದವನೊಬ್ಬ, ಶಿಕ್ಷೆ ಎಲ್ಲರಿಗೂ: ‘ಫೆಲನಿ ಮರ್ಡರ್‌’ ಕಾನೂನಿಗೆ ತಿದ್ದುಪಡಿ

ಇಬ್ಬರು ಸೇರಿ ಅಂಗಡಿ ದೋಚಲು ಹೊರಡುತ್ತಾರೆ. ಒಬ್ಬ ಒಳನುಗ್ಗಿ ಮಾಲೀಕನಿಗೆ ಗುಂಡಿಕ್ಕುತ್ತಾನೆ. ಇನ್ನೊಬ್ಬ ಹೊರಗೆ ಕಾರಿನಲ್ಲಿ ಕಾಯುತ್ತಿರುತ್ತಾನೆ. ಕಾರಿನಲ್ಲಿದ್ದವನೂ ಕೊಲೆಗಾರನೇ? ಹೌದು ಎನ್ನುತ್ತದೆ ಅಮೆರಿಕದ ಬಹುತೇಕ ರಾಜ್ಯಗಳಲ್ಲಿರುವ ‘ಫೆಲನಿ ಮರ್ಡರ್‌’ ನಿಯಮ. ಕೊಲ್ಲುವ ಉದ್ದೇಶವನ್ನು ಇಲ್ಲಿ ಸಾಬೀತುಪಡಿಸಬೇಕಿಲ್ಲ. ದರೋಡೆಯ ಉದ್ದೇಶವಿದ್ದರೆ ಸಾಕು. ಈ ನಿಯಮದ ತವರಾದ ಇಂಗ್ಲೆಂಡ್‌ 1957ರಲ್ಲೇ ಅದನ್ನು ಕೈಬಿಟ್ಟಿತು.

ಕ್ಯಾಲಿಫೋರ್ನಿಯಾದಲ್ಲಿ ಇಂತಹ ಸಹಚರರಿಗೂ ಕನಿಷ್ಠ 25 ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಯಾಗುತ್ತಿತ್ತು. 2018ರಲ್ಲಿ ಅಂಗೀಕಾರಗೊಂಡು, 2019ರ ಜನವರಿ 1ರಿಂದ ಜಾರಿಗೆ ಬಂದ ‘ಎಸ್‌ಬಿ 1437’ ಕಾಯ್ದೆ ಇದನ್ನು ಬದಲಿಸಿತು. ಸ್ವತಃ ಕೊಂದವನು, ಕೊಲ್ಲುವ ಉದ್ದೇಶದಿಂದಲೇ ನೆರವಾದವನು, ಕೃತ್ಯದಲ್ಲಿ ಪ್ರಮುಖ ಪಾತ್ರ ವಹಿಸಿ ಮನುಷ್ಯ ಜೀವದ ಬಗ್ಗೆ ತೀವ್ರ ಅಸಡ್ಡೆ ತೋರಿದವನು- ಇವರು ಮಾತ್ರ ಇನ್ನು ಕೊಲೆಯ ಹೊಣೆಗಾರರು. ಸತ್ತವರು ಕರ್ತವ್ಯನಿರತ ಪೊಲೀಸರಾಗಿದ್ದು, ಅದು ಆರೋಪಿಗೆ ತಿಳಿದಿದ್ದರೆ ಈ ರಿಯಾಯಿತಿ ಇಲ್ಲ.

ಕಾಯ್ದೆಯ ನಿಜವಾದ ತೂಕವಿರುವುದು ಅದರ ಪೂರ್ವಾನ್ವಯ ಗುಣದಲ್ಲಿ. ದಶಕಗಳಿಂದ ಜೈಲಿನಲ್ಲಿರುವವರೂ ಅರ್ಜಿ ಸಲ್ಲಿಸಬಹುದು. ಅರ್ಜಿಯಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ವಿಚಾರಣೆ ನಡೆಯುತ್ತದೆ. ಹೊಸ ನಿಯಮದಡಿಯೂ ಆತ ಕೊಲೆಗಾರನೇ ಎಂಬುದನ್ನು ಸಂಶಯಾತೀತವಾಗಿ ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್‌ನದು. ಕೊಲೆ ಆರೋಪಕ್ಕೆ ಹೆದರಿ, ಕಡಿಮೆ ಶಿಕ್ಷೆಯ ನರಹತ್ಯೆ ಆರೋಪವನ್ನು ಒಪ್ಪಿಕೊಂಡವರಿಗೂ 2021ರ ತಿದ್ದುಪಡಿ ಬಾಗಿಲು ತೆರೆಯಿತು. ಹಾಗೆಂದು ಶಿಕ್ಷೆ ಪೂರ್ಣ ಮನ್ನಾ ಆಗುವುದಿಲ್ಲ, ದರೋಡೆಯ ಶಿಕ್ಷೆ ಇದ್ದೇ ಇರುತ್ತದೆ.

ವಿರೋಧವೂ ಬಲವಾಗಿತ್ತು. ಮತದಾರರು 1978 ಮತ್ತು 1990ರಲ್ಲಿ ಅನುಮೋದಿಸಿದ ಕಾನೂನುಗಳನ್ನು ಶಾಸಕಾಂಗ ತಾನೇ ಬದಲಿಸುವಂತಿಲ್ಲ ಎಂದು ಸರ್ಕಾರಿ ವಕೀಲರು ವಾದಿಸಿದ್ದರು. ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಅದನ್ನು ತಳ್ಳಿಹಾಕಿತು. ಮುಗಿದುಹೋಯಿತೆಂದುಕೊಂಡ ಪ್ರಕರಣ ಮತ್ತೆ ಕಟಕಟೆ ಏರಿದಾಗ ಸತ್ತವರ ಕುಟುಂಬಕ್ಕಾಗುವ ಸಂಕಟವನ್ನು ಮಾತ್ರ ಯಾವ ತೀರ್ಪೂ ತಳ್ಳಿಹಾಕಲಾರದು.

ಕೊಲರಾಡೊ ಹಿಡಿದದ್ದು ಬೇರೆ ದಾರಿ. ಪೆರೋಲ್‌ ಇಲ್ಲದ ಜೀವಾವಧಿ ಶಿಕ್ಷೆಯನ್ನು ಅದು 2021ರಲ್ಲಿ 16ರಿಂದ 48 ವರ್ಷಗಳಿಗೆ ಇಳಿಸಿತಾದರೂ, ಹಳೆಯ ಕೈದಿಗಳಿಗೆ ಅದರ ಲಾಭ ನೀಡಲಿಲ್ಲ.

ಭಾರತದಲ್ಲಿ ಇದಕ್ಕೆ ಹತ್ತಿರದ ನಿಯಮ ಡಕಾಯಿತಿಗೆ ಸಂಬಂಧಿಸಿದ್ದು. ಐವರು ಅಥವಾ ಹೆಚ್ಚು ಮಂದಿ ಸೇರಿ ನಡೆಸುವ ಡಕಾಯಿತಿಯಲ್ಲಿ ಒಬ್ಬ ಕೊಲೆ ಮಾಡಿದರೂ ಎಲ್ಲರಿಗೂ ಮರಣದಂಡನೆಯವರೆಗೆ ಶಿಕ್ಷೆ ವಿಧಿಸಬಹುದು. ಹಳೆಯ ಐಪಿಸಿ 396ನೇ ಸೆಕ್ಷನ್‌ ಹತ್ತು ವರ್ಷಕ್ಕಿಂತ ಕಡಿಮೆ ಶಿಕ್ಷೆಗೂ ಅವಕಾಶ ನೀಡಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 310(3)ರಲ್ಲಿ ಹತ್ತು ವರ್ಷವೇ ಕನಿಷ್ಠ.