ಟೈರ್ ಗಾಡಿಗೆ ಎಂಥ ತಗಡು?

ಮರದ ಗಾಡಿ ಮಾಡುವ ಬಡಗಿಗಳು ನಮ್ಮ ಬಯಲುಸೀಮೆಯಲ್ಲಿ ಕಡಿಮೆಯಾದರು. ಒಳ್ಳೆ ಮರವೂ ಕೈಗೆಟುಕುವ ಹಾಗಿಲ್ಲ. ಈಗ ಎತ್ತಿನ ಗಾಡಿ ಅಂದರೆ ಕಬ್ಬಿಣದ ಅಚ್ಚು, ಎರಡು ಟೈರು, ತಗಡಿನ ತಳ. ಊರಲ್ಲೊಂದು ವೆಲ್ಡಿಂಗ್ ಮಿಷನ್ ಇದ್ದರೆ ಮನೆ ಮುಂದೆಯೇ ಕಟ್ಟಿಕೊಳ್ಳಬಹುದು. ಎಡವಟ್ಟಾಗುವುದು ಎರಡು ಕಡೆ. ಒಂದು ತಗಡು ಕೊಳ್ಳುವಾಗ, ಇನ್ನೊಂದು ಅದನ್ನು ಬೆಸೆಯುವಾಗ. ಮೊದಲನೆಯದರಲ್ಲಿ ದುಡ್ಡು ಹೋಗುತ್ತದೆ, ಎರಡನೆಯದರಲ್ಲಿ ಕಣ್ಣೋ ಜೀವವೋ ಹೋಗುತ್ತದೆ.

ನಾನು ಹೇಳುತ್ತಿರೋದು ಕೆರೆಗೋಡು, ತಿಪ್ಪೆಗೊಬ್ಬರ, ಶೇಂಗಾ ಮೂಟೆ ಹೊರುವ ಎತ್ತಿನ ಗಾಡಿ ವಿಷಯ. ಟ್ರ್ಯಾಕ್ಟರಿನ ಟ್ರೇಲರ್ ಬೇರೆ. ಅದಕ್ಕೆ ನೋಂದಣಿ ಬೇಕು, ಹೊರೆಯೂ ಹೆಚ್ಚು.

ತಕ್ಕಡಿಯೇ ಅಳತೆಗೋಲು

ಅಂಗಡಿಯವರು ಗೇಜ್ ಲೆಕ್ಕದಲ್ಲಿ ಮಾತಾಡುತ್ತಾರೆ. ಗೇಜ್ ನಂಬರ್ ಹೆಚ್ಚಾದಷ್ಟೂ ತಗಡು ತೆಳು. 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್, 16 ಅಂದರೆ 1.6, 14 ಅಂದರೆ 2, 10 ಅಂದರೆ 3.2. ನಾವು ಮಿಲಿಮೀಟರಿನಲ್ಲೇ ಕೇಳುವುದು ಒಳ್ಳೆಯದು.

ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಕಬ್ಬಿಣದ ತಗಡು ಒಂದು ಮಿಲಿಮೀಟರ್ ದಪ್ಪಕ್ಕೆ 23 ಕಿಲೋ ಚಿಲ್ಲರೆ ತೂಗುತ್ತದೆ. ಇದೊಂದು ಲೆಕ್ಕ ನೆನಪಿಟ್ಟರೆ ಸಾಕು. 2 ಮಿಲಿಮೀಟರಿನದು ಸುಮಾರು 47 ಕಿಲೋ ಇರಬೇಕು. 42 ಕಿಲೋ ಬಂತು ಅಂದರೆ ಅದು 1.8 ಮಾತ್ರ. ಕಿಲೋ ಲೆಕ್ಕದಲ್ಲಿ ಕೊಂಡರೆ ದುಡ್ಡಿನಲ್ಲಿ ನಷ್ಟವಿಲ್ಲ, ಗಟ್ಟಿತನದಲ್ಲಿ ನಷ್ಟ. ‘ಒಂದು ಶೀಟಿಗೆ ಇಷ್ಟು’ ಅಂತ ಕೊಂಡರೆ ಎರಡೂ ನಷ್ಟ. ತೂಗದೆ ತರಬೇಡಿ.

ದಪ್ಪ ತುಸು ಹೆಚ್ಚಾದರೂ ಬಲ ಬಹಳ ಹೆಚ್ಚುತ್ತದೆ. 1.6ಕ್ಕಿಂತ 2 ಮಿಲಿಮೀಟರಿನ ತಗಡು ಬಾಗದೆ ನಿಲ್ಲುವುದು ಹತ್ತಿರ ಹತ್ತಿರ ಎರಡರಷ್ಟು. ಹಾಗಂತ 3 ಮಿಲಿಮೀಟರ್ ಹಾಕಿದರೆ ತಳವೊಂದೇ 70 ಕಿಲೋ. ಅದನ್ನು ಖಾಲಿ ಗಾಡಿಯಲ್ಲೂ ದಿನವೂ ಎಳೆಯೋದು ಎತ್ತುಗಳು ತಾನೆ? ನನ್ನ ಲೆಕ್ಕದಲ್ಲಿ ಗೊಬ್ಬರ, ಮಣ್ಣಿಗೆ ತಳ 2 ಮಿಲಿಮೀಟರ್ ಸಾಕು. ಅದರ ಅಡಿ ಒಂದೂವರೆ ಅಡಿಗೊಂದು 35-35-5ರ ಆಂಗಲ್ ಅಡ್ಡ ಕೊಡಬೇಕು. ಪಕ್ಕಕ್ಕೆ 1.6 ಸಾಕು. ಪಕ್ಕದ ತಗಡಿನ ಮೇಲಂಚನ್ನು ಬೆಂಡಿಂಗ್ ಮಿಷನ್ನಿನಲ್ಲಿ ಒಂದು ಅಂಗುಲ ಮಡಿಸಿದರೆ ಅಲ್ಲಾಡೋದಿಲ್ಲ, ಕೈಯೂ ಕೊಯ್ಯೋದಿಲ್ಲ. ಹೊಲದ ಕಲ್ಲು ಆರಿಸಿ ಹೊರುವವರು ಮಾತ್ರ ತಳಕ್ಕೆ 3 ಹಾಕಿ.

ಯಾವ ತಗಡು ಬೇಡ

ಎಚ್.ಆರ್. ಅನ್ನುವ ಕಪ್ಪು ತಗಡೇ ನಮ್ಮ ಕೆಲಸಕ್ಕೆ ತಕ್ಕದ್ದು. ಸಿ.ಆರ್. ನುಣುಪಾಗಿ ಚೆಂದ ಇರುತ್ತದೆ, ಗೊಬ್ಬರಕ್ಕೆ ಚೆಂದ ಯಾಕೆ? ಉಬ್ಬುಗೆರೆಯ ಚೆಕ್ಕರ್ ಪ್ಲೇಟ್ ಜಾರದು ಅಂತ ಕೆಲವರು ತರುತ್ತಾರೆ. ಸಲಿಕೆ ಅದರ ಗೆರೆಗೆ ಸಿಕ್ಕಿಕೊಳ್ಳುತ್ತದೆ, ಗಂಜಲದ ನೀರು ಗೆರೆ ಮಧ್ಯೆ ನಿಂತು ತುಕ್ಕು ತಿನ್ನುತ್ತದೆ.

ಗುಜರಿಯಲ್ಲಿ ಬಿಚ್ಚಿದ ಲಾರಿ ತಗಡು ಸಿಕ್ಕರೆ ತರಬಹುದು, ಆದರೆ ಸುತ್ತಿಗೆಯಿಂದ ಬಡಿದು ನೋಡಿ. ತುಕ್ಕು ಹಾಳೆ ಹಾಳೆಯಾಗಿ ಉದುರಿದರೆ ಬಿಟ್ಟುಬಿಡಿ, ರಾಡ್ ಇಟ್ಟಲ್ಲೆಲ್ಲ ತೂತು ಬೀಳುತ್ತದೆ.

ಬಿಳಿ ಜಿ.ಐ. ತಗಡಿನ ಮೇಲೆ ಇರೋದು ಸತು. ಬೆಸೆಯುವಾಗ ಅದರ ಹೊಗೆ ಕುಡಿದವನಿಗೆ ಆವತ್ತು ಸಂಜೆ ಚಳಿಜ್ವರ, ಮೈಕೈ ನೋವು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಅದಕ್ಕೇ ಜನ ಮಳೆಗಾಲದ ಜ್ವರ ಅಂದುಕೊಳ್ಳುತ್ತಾರೆ. ಹಾಲು ಕುಡಿದರೆ ಏನೂ ಆಗೋಲ್ಲ ಅನ್ನೋ ಮಾತು ವೆಲ್ಡಿಂಗ್ ಅಂಗಡಿಗಳಲ್ಲಿದೆ. ಹೊಗೆ ಹೋಗೋದು ಪುಪ್ಪುಸಕ್ಕೆ, ಹಾಲು ಹೋಗೋದು ಹೊಟ್ಟೆಗೆ. ಬೆಸೆಯಲೇಬೇಕಾದರೆ ಎರಡೂ ಬದಿ ಎರಡಂಗುಲ ಸತು ಉಜ್ಜಿ ತೆಗೆದು, ಬಯಲಲ್ಲಿ ಗಾಳಿ ಪಕ್ಕದಿಂದ ಬೀಸುವ ಹಾಗೆ ಕುಳಿತು ಬೆಸೆಯಿರಿ.

ಡ್ರಮ್ಮು, ಟೈರು

ಹಳೇ ಡ್ರಮ್ಮು ಸೀಳಿ ಪಕ್ಕದ ತಗಡು ಮಾಡೋದು ಎಲ್ಲರಿಗೂ ಹೊಳೆಯುವ ಉಪಾಯ. ಇದನ್ನು ಮಾತ್ರ ಬೇಡವೇ ಬೇಡ ಅನ್ನುತ್ತೇನೆ. ಪೆಟ್ರೋಲ್ ತುಂಬಿದ ಡ್ರಮ್ಮಿಗಿಂತ ಖಾಲಿ ಮಾಡಿದ ಡ್ರಮ್ಮು ಅಪಾಯ, ಯಾಕಂದರೆ ಒಳಗೆ ಆವಿ ಮತ್ತು ಗಾಳಿ ಬೆರೆತು ಕಿಡಿಗೆ ಕಾದಿರುತ್ತದೆ. ಡೀಸಲ್, ಹಳೇ ಆಯಿಲ್ ತಣ್ಣಗಿದ್ದಾಗ ಸುಮ್ಮನಿರುತ್ತದೆ, ಕಟ್ಟರಿನ ಬಿಸಿಗೆ ಆವಿಯಾಗುತ್ತದೆ. ಮೂಸಿ ನೋಡಿದೆ, ವಾಸನೆ ಇಲ್ಲ ಅನ್ನೋದು ಪುರಾವೆ ಅಲ್ಲ. ನೀರಲ್ಲಿ ಜಾಲಾಡಿಸಿದ್ದೂ ಸಾಲದು, ಮಡಿಕೆಯ ಸಂದಿಯಲ್ಲಿ ಎಣ್ಣೆ ಉಳಿದಿರುತ್ತದೆ. ಕ್ರಿಮಿನಾಶಕದ ಡ್ರಮ್ಮಾದರೆ ವಿಷದ ಹೊಗೆ ಬೇರೆ. ಇಷ್ಟೆಲ್ಲ ಮಾಡಿ ಸಿಗೋದು ಒಂದು ಮಿಲಿಮೀಟರ್ ಆಸುಪಾಸಿನ ತೆಳು ತಗಡು!

ಬಾಯಿ ಮುಚ್ಚಿದ ಪೈಪಿಗೂ ಇದೇ ಮಾತು. ಒಳಗೆ ನೀರೋ ಎಣ್ಣೆಯೋ ಇದ್ದರೆ ಬಿಸಿಗೆ ಸಿಡಿಯುತ್ತದೆ. ಮೊದಲು ಡ್ರಿಲ್ಲಿನಲ್ಲಿ ಒಂದು ತೂತು ಹಾಕಿ.

ಬಿರುಕು ಬಿಟ್ಟ ಡಿಸ್ಕನ್ನು ಟೈರು ಇದ್ದ ಹಾಗೇ ಬೆಸೆಸುವವರಿದ್ದಾರೆ. ಗಾಳಿ ಬಿಟ್ಟಿದ್ದೇನೆ ಅನ್ನುತ್ತಾರೆ. ಬಿಸಿಗೆ ಒಳಗಿನ ರಬ್ಬರ್ ಸುಟ್ಟು ಅನಿಲವಾಗಿ, ಗಾಳಿ ಬಿಟ್ಟ ಟೈರೂ ಬಾಂಬಿನ ಹಾಗೆ ಸಿಡಿದಿದ್ದುಂಟು. ಟೈರು, ಟ್ಯೂಬು ಪೂರ್ತಿ ಕಳಚದೆ ಡಿಸ್ಕಿನ ಹತ್ತಿರ ರಾಡ್ ತರಬಾರದು.

ಬೆಸುಗೆ ಹಾಕುವಾಗ

ಸುಗ್ಗಿ ಮುಗಿದ ಮೇಲೆಯೇ ನಮಗೆ ಬಿಡುವು, ಆಗಲೇ ಮನೆ ಸುತ್ತ ಬಣವೆ. ಕಿಡಿ ಮೂವತ್ತು ಮೂವತ್ತೈದು ಅಡಿ ದೂರ ಹಾರುತ್ತದೆ. ಬಣವೆಯಿಂದ ಅದಕ್ಕಿಂತ ದೂರದಲ್ಲಿ ಕೆಲಸ ಇಟ್ಟುಕೊಳ್ಳಿ, ನೆಲಕ್ಕೆ ಮೊದಲೇ ನೀರು ಚಿಮುಕಿಸಿ, ಕೆಲಸ ಮಾಡುವವರು ನಿಲ್ಲುವ ಜಾಗ ಮಾತ್ರ ಒಣಗಿರಲಿ. ಎರಡು ಬಿಂದಿಗೆ ನೀರು ಪಕ್ಕದಲ್ಲಿರಲಿ. ಮುಗಿದ ಮೇಲೂ ಅರ್ಧ ಗಂಟೆ ಒಬ್ಬರು ಕಾದಿರಬೇಕು. ಟೆರಿಕಾಟ್ ಅಂಗಿ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಕಂಬದ ತಂತಿಗೆ ಕೊಂಡಿ ಹಾಕಿ ಮಿಷನ್ ನಡೆಸೋದು ಕಳ್ಳತನವೂ ಹೌದು, ಸಾವಿನ ದಾರಿಯೂ ಹೌದು. ಮಿಷನ್ನಿಗೆ ಅರ್ಥಿಂಗ್ ಇರಲಿ, ಕಾಲಿಗೆ ಒಣ ಬೂಟು. ಅರ್ಥ್ ಕ್ಲಾಂಪನ್ನು ಬೆಸೆಯುವ ತುಂಡಿಗೇ ಕಚ್ಚಿಸಿ. ಚಕ್ರಕ್ಕೋ ಅಚ್ಚಿಗೋ ಕಚ್ಚಿಸಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಗುಂಡುಗಳು ಕಲೆ ಬೀಳುತ್ತವೆ. ಹೊಸ ಗಾಡಿ ಆರು ತಿಂಗಳಲ್ಲಿ ಯಾಕೆ ಗರಗರ ಅನ್ನುತ್ತೆ ಅಂತ ಆಮೇಲೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಬೆಳಕು ನೋಡುವ ಮಕ್ಕಳನ್ನು ಓಡಿಸಿ. ಕಪ್ಪು ಕನ್ನಡಕ ಸಾಲದು, 10 ಅಥವಾ 11ನೇ ನಂಬರಿನ ಗಾಜಿನ ಮುಖವಾಡ ಬೇಕು. ಕಣ್ಣಿನ ಉರಿ ಆಗಲೇ ಗೊತ್ತಾಗೋಲ್ಲ, ರಾತ್ರಿ ಮರಳು ಹಾಕಿದ ಹಾಗೆ ಶುರುವಾಗುತ್ತದೆ. ಎದೆಹಾಲು, ಹರಳೆಣ್ಣೆ ಬಿಡದೆ ಡಾಕ್ಟರ ಹತ್ತಿರ ಹೋಗಿ.

ತೆಳು ತಗಡಿಗೆ 2.5 ಮಿಲಿಮೀಟರಿನ ಒಣ ರಾಡು, ಕರೆಂಟು 60ರಿಂದ 90 ಆಂಪಿಯರ್. ಒಂದೇ ಎಳೆತ ಎಳೆದರೆ ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಮೊದಲು ಅಲ್ಲಲ್ಲಿ ಚುಕ್ಕೆ ಹಾಕಿ, ಆಮೇಲೆ ನಾಲ್ಕೈದು ಅಂಗುಲಕ್ಕೊಂದು ಒಂದಂಗುಲದ ಬೆಸುಗೆ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ. ಬೆಸುಗೆಯ ಸಿಪ್ಪೆ ಬಡಿಯುವಾಗ ಬಿಳಿ ಕನ್ನಡಕ ಹಾಕಿ.

ತಳದ ಹಿಂದುಗಡೆ ಮೂಲೆಗೊಂದು ತೂತಿರಲಿ, ನೀರು ಇಳಿಯಲಿ. ಸಂದಿಗಳೊಳಗೂ ಹೋಗುವ ಹಾಗೆ ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ಮೇಲೆ ಬಣ್ಣ ಕೊಡಿ. ಗೊಬ್ಬರ ಹೊಡೆದ ದಿನ ಎತ್ತು ತೊಳೆಯುವಾಗ ಗಾಡಿ ತಳಕ್ಕೂ ಎರಡು ಬಕೆಟ್ ನೀರು ಚೆಲ್ಲಿ.