ನಿಮಗಿದು ಗೊತ್ತೆ? ಸಿಡಿಲಿನಿಂದಲೇ ಲಾಭ ಪಡೆಯುವ ಮರವಿದೆ!

ಸಿಡಿಲು ಬಡಿದಾಗ ಮರದೊಳಗಿನ ನೀರು ಕ್ಷಣಾರ್ಧದಲ್ಲಿ ಕುದಿದು ಆವಿಯಾಗುತ್ತದೆ. ಆ ಒತ್ತಡಕ್ಕೆ ತೊಗಟೆ ಸಿಡಿದು, ಕೆಲವೊಮ್ಮೆ ಬುಡದವರೆಗೂ ಉದ್ದನೆಯ ಸೀಳು ಬೀಳುತ್ತದೆ. ನಮ್ಮ ತೆಂಗಿಗಂತೂ ಇರುವುದು ಒಂದೇ ಸುಳಿ. ಅದು ಸುಟ್ಟರೆ ಮರ ಮತ್ತೆ ಚಿಗುರುವುದಿಲ್ಲ.

ಆದರೆ ಪನಾಮಾ ದೇಶದ ಮಳೆಕಾಡಿನಲ್ಲಿ ಬೆಳೆಯುವ ಡಿಪ್ಟೆರಿಕ್ಸ್ ಓಲಿಫೆರಾ ಎಂಬ ಹೆಮ್ಮರದ ಕಥೆಯೇ ಬೇರೆ. ವಿಜ್ಞಾನಿ ಇವಾನ್ ಗೋರಾ ಮತ್ತು ಸಂಗಡಿಗರು ಅಲ್ಲಿ ಸಿಡಿಲು ಬಡಿದ 93 ಮರಗಳ ಮೇಲೆ ಕಣ್ಣಿಟ್ಟಿದ್ದರು. ಅವುಗಳಲ್ಲಿ ಈ ಜಾತಿಯವು 9. ಒಂಬತ್ತೂ ಬದುಕಿ ಉಳಿದವು, ಅದೂ ಹೆಚ್ಚಿನ ಗಾಯವಿಲ್ಲದೆ! ಉಳಿದ ಜಾತಿಯ ಮರಗಳಲ್ಲಿ ಶೇ 64ರಷ್ಟು ಎರಡೇ ವರ್ಷಗಳಲ್ಲಿ ಸತ್ತವು.

ನಿಜವಾದ ಅಚ್ಚರಿ ಇರುವುದು ಮುಂದೆ. ಮರವನ್ನು ಸುತ್ತಿ ಹಿಂಡುತ್ತಿದ್ದ ದಪ್ಪ ಬಳ್ಳಿಗಳ ಕಾಟ ಸಿಡಿಲಿನ ನಂತರ ಶೇ 78ರಷ್ಟು ತಗ್ಗಿತು. ಕೊಂಬೆ, ಬಳ್ಳಿಗಳ ಮೂಲಕ ವಿದ್ಯುತ್ತು ಪಕ್ಕದ ಮರಗಳಿಗೂ ಹರಿದು, ಪ್ರತಿ ಸಿಡಿಲಿಗೆ ಸರಾಸರಿ 9 ನೆರೆಮರಗಳು ಒಣಗಿದವು. ಬಳ್ಳಿಯ ಭಾರ ಇಳಿಯಿತು, ಬಿಸಿಲಿಗೆ ಪೈಪೋಟಿಯೂ ತಪ್ಪಿತು. ಇದರಿಂದಾಗಿ ಈ ಮರದ ಜೀವಮಾನದ ಬೀಜೋತ್ಪಾದನೆ 14 ಪಟ್ಟು ಹೆಚ್ಚಬಹುದು ಎಂಬುದು 2025ರಲ್ಲಿ ಪ್ರಕಟವಾದ ಈ ಅಧ್ಯಯನದ ಲೆಕ್ಕ.