ಚೀಟಿ ಎತ್ತಿದ ಮೇಲೆ ಮಾತಿಲ್ಲ

ಬೆಂಗಳೂರಿನಿಂದ ತೊಪ್ಪೂರು ಘಾಟಿ ಇಳಿದು ಬರುವವರಿಗೆ ಓಮಲೂರು ಅಂದರೆ ಸೇಲಂ ಹತ್ತಿರವಾಯಿತು ಎಂದಷ್ಟೇ ಅರ್ಥ. ರೈಲಿನವರಿಗೆ ಅದು ಮೆಟ್ಟೂರು ಡ್ಯಾಮಿನ ಲೈನು ಕವಲೊಡೆಯುವ ಜಂಕ್ಷನ್. ಹೆದ್ದಾರಿ ಬಿಟ್ಟು ತಾರಮಂಗಲದ ರಸ್ತೆಗೆ ತಿರುಗಿಕೊಂಡರೆ ಸೀಮೆಯೇ ಬೇರೆ. ಕೊಯ್ಲು ಮುಗಿದ ಹೊಲದಲ್ಲೆಲ್ಲ ಸ್ಟಂಪು ನೆಟ್ಟಿರುತ್ತಾರೆ.

ಅಂಥದೊಂದು ಹೊಲದ ಬದುವಿನಲ್ಲಿ, ಬೇವಿನ ಮರದಡಿ, ಟೆನಿಸ್ ಬಾಲ್ ಟೂರ್ನಿಯ ಚೀಟಿ ಎತ್ತುತ್ತಿದ್ದರು. ಒಂದು ಪ್ಲಾಸ್ಟಿಕ್ ಡಬ್ಬಿ, ಎಂಟ್ರಿ ಫೀಸು ಬರೆದ ನೋಟ್‌ಬುಕ್ಕು, 13 ತಂಡ. ಲೆಕ್ಕ ಹಿಡಿದಿದ್ದವನು ನೇಕಾರರ ಹುಡುಗ. ಈ ಕಡೆಯ ದೇವಾಂಗರಲ್ಲಿ ಹಲವರ ಮನೆಮಾತು ಕನ್ನಡ. ತಂಡಗಳ ಜೊತೆ ತಮಿಳಿನಲ್ಲಿ ಕೂಗಾಡುತ್ತಲೇ ನನ್ನ ಕಡೆ ತಿರುಗಿ, “ಹದಿನಾರು ಬಂದಿದ್ರೆ ತಲೆನೋವೇ ಇರ್ತಿರ್ಲಿಲ್ಲ ಸಾರ್, ಈಗ ಮೂರು ಬೈ ಕೊಡ್ಬೇಕು” ಅಂದ. ಲೆಕ್ಕ ಸರಿಯೇ. ನಾಕೌಟ್ 16, 8, 4, 2 ಎಂದು ಅರ್ಧರ್ಧವಾಗುತ್ತ ಹೋಗಬೇಕು. ಕೊರತೆ ಬಿದ್ದ ಮೂರು ಜಾಗದ ಎದುರು ನಿಂತವರು ಆಡದೆಯೇ ಮುಂದಿನ ಸುತ್ತಿಗೆ. ಒಟ್ಟು ಪಂದ್ಯ 12, ಏಕೆಂದರೆ ಒಂದೊಂದು ಪಂದ್ಯ ಒಂದೊಂದೇ ತಂಡವನ್ನು ಮನೆಗೆ ಕಳಿಸುತ್ತದೆ.

ಏಳನೆಯ ಚೀಟಿಗೆ ಗದ್ದಲ ಎದ್ದಿತು. ಹೋದ ವರ್ಷ ಗೆದ್ದವರಿಗೂ ಫೈನಲಿನಲ್ಲಿ ಸೋತವರಿಗೂ ಮೊದಲ ಸುತ್ತಿನಲ್ಲೇ ಮುಖಾಮುಖಿ. “ಚೀಟಿ ಎತ್ತಿದ ಮೇಲೆ ಮಾತಿಲ್ಲ” ಎಂದು ಹುಡುಗ ನೋಟ್‌ಬುಕ್ಕು ಮುಚ್ಚಿಯೇ ಬಿಟ್ಟ.

ವೃತ್ತಿಪರ ಪ್ಯಾಡಲ್‌ನಲ್ಲಿ ಈ ಜಗಳ ಹುಟ್ಟುವುದೇ ಇಲ್ಲ. 1969ರಲ್ಲಿ ಮೆಕ್ಸಿಕೋದ ಅಕಪುಲ್ಕೋದಲ್ಲಿ ಶುರುವಾದ, ಗಾಜಿನ ಗೋಡೆಗಳ ನಡುವೆ 20 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣದಲ್ಲಿ ಆಡುವ ಜೋಡಿ ಆಟ ಅದು. ಅಲ್ಲಿ ಪ್ರವೇಶ ಸಿಗುವುದು ರ‍್ಯಾಂಕಿಂಗ್ ನೋಡಿ. ಜೋಡಿಯ ಇಬ್ಬರ ಅಂಕಗಳನ್ನು ಕೂಡಿಸುತ್ತಾರೆ. ಮೊತ್ತ ಹೆಚ್ಚಿದ್ದವರು ನೇರ ಮುಖ್ಯ ಸುತ್ತಿಗೆ, ಕಡಿಮೆಯಾದವರು ಅರ್ಹತಾ ಸುತ್ತಿಗೆ. ಹಾಗಾಗಿ ಒಳ್ಳೆಯ ರ‍್ಯಾಂಕಿನವನೂ ಅಂಕವಿಲ್ಲದ ಗೆಳೆಯನನ್ನು ಕಟ್ಟಿಕೊಂಡರೆ ಅರ್ಹತಾ ಸುತ್ತಿನ ಬಿಸಿಲಲ್ಲಿ ಬೇಯಬೇಕಾದೀತು. ಜೊತೆಗಾರನ ಆಯ್ಕೆಯೇ ಅಲ್ಲಿ ಅರ್ಧ ಆಟ. ಸೀಡ್, ಅಂದರೆ ಅಗ್ರ ಜೋಡಿಗಳ ಕ್ರಮಾಂಕ, ಸಿಗುವುದೂ ರ‍್ಯಾಂಕಿಂಗ್ ನೋಡಿಯೇ. ಒಂದನೇ ಸೀಡ್ ಪಟ್ಟಿಯ ತುದಿಯಲ್ಲಿ, ಎರಡನೆಯದು ಬುಡದಲ್ಲಿ: ಫೈನಲಿಗೆ ಮುಂಚೆ ಇಬ್ಬರೂ ಸಂಧಿಸುವಂತಿಲ್ಲ. ಮೂರು, ನಾಲ್ಕನೇ ಸೀಡ್‌ಗಳಲ್ಲಿ ಯಾರು ಯಾವ ಅರ್ಧಕ್ಕೆ ಎಂಬುದಕ್ಕೆ ಮಾತ್ರ ಅಲ್ಲೂ ಚೀಟಿಯೇ. ಬೈ ಉಳಿದರೆ ಅದೂ ಸೀಡ್‌ಗಳ ಪಾಲು, ಬಲವಿದ್ದವರಿಗೇ ವಿಶ್ರಾಂತಿ.

ಒಳ್ಳೆಯ ಆಟಗಾರರು ಮೊದಲ ದಿನವೇ ಒಬ್ಬರನ್ನೊಬ್ಬರು ಹೊಡೆದುರುಳಿಸಬಾರದು ಎಂಬ ವಾದ ಒಪ್ಪತಕ್ಕದ್ದೇ. ಆದರೂ ನನಗೊಂದು ಗುಮಾನಿ: ದೊಡ್ಡ ಹೆಸರುಗಳು ಕೊನೆಯ ದಿನದವರೆಗೆ ಉಳಿಯಲಿ ಎಂಬ ಟಿಕೆಟ್ ಮಾರುವವರ ಆಸೆಗೂ ಈ ಏರ್ಪಾಟು ಚೆನ್ನಾಗಿ ಹೊಂದುತ್ತದೆ.

ಇನ್ನೆರಡು ಕಿರುಬಾಗಿಲುಗಳಿವೆ. ರ‍್ಯಾಂಕ್ ಸಾಲದಿದ್ದರೂ ಸಂಘಟಕರು ಕರೆದು ಕೊಡುವ ವೈಲ್ಡ್ ಕಾರ್ಡ್ ಒಂದು. ಅರ್ಹತಾ ಸುತ್ತಿನಲ್ಲಿ ಸೋತಿದ್ದರೂ, ಮುಖ್ಯ ಸುತ್ತಿನ ಯಾರಾದರೂ ಹಿಂದೆ ಸರಿದರೆ ಒಳಬರುವ ಲಕ್ಕಿ ಲೂಸರ್ ಇನ್ನೊಂದು. ಬೇವಿನ ಮರದಡಿ ಇವೆರಡೂ ಇಲ್ಲ. ಫೀಸು ಕಟ್ಟಿದರೆ ಆಟ, ಹೊತ್ತಿಗೆ ಬಾರದಿದ್ದರೆ ಎದುರಾಳಿಗೆ ವಾಕೋವರ್.

ತಾರಮಂಗಲ ದಾಟಿ ಮುಂದಕ್ಕೆ ಹೋದರೆ ಚಿನ್ನಪ್ಪಂಪಟ್ಟಿ, ಎಡಗೈ ವೇಗಿ ಟಿ. ನಟರಾಜನ್ ಅವರ ಊರು. ಅವರು ಇಲ್ಲಿ ಕಟ್ಟಿಸಿದ ಮೈದಾನ 2023ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ದಿನೇಶ್ ಕಾರ್ತಿಕ್ ಬಂದಿದ್ದರು. ನಟರಾಜನ್ ಬೆಳೆದದ್ದು ಇಂಥದೇ ಟೆನಿಸ್ ಬಾಲ್ ಟೂರ್ನಿಗಳಲ್ಲಿ. ಇಪ್ಪತ್ತರ ಆಸುಪಾಸಿನಲ್ಲಿ ಚೆನ್ನೈಗೆ ಹೋಗಿ ನಾಲ್ಕನೇ ಡಿವಿಷನ್‌ನಿಂದ, ಅಂದರೆ ಅರ್ಹತಾ ಸುತ್ತಿನಿಂದಲೇ ಅನ್ನಿ, ಹತ್ತಬೇಕಾಯಿತು. 2015ರಲ್ಲಿ ರಣಜಿ, 2017ರಲ್ಲಿ ಪಂಜಾಬ್ ತಂಡದ 3 ಕೋಟಿ ರೂಪಾಯಿಯ ಹರಾಜು.

2020ರ ಕೊನೆಯಲ್ಲಿ ಆಸ್ಟ್ರೇಲಿಯಾಕ್ಕೆ ಅವರನ್ನು ಆರಿಸಿದ್ದು ನೆಟ್ ಬೌಲರ್ ಆಗಿ. ವರುಣ್ ಚಕ್ರವರ್ತಿಗೆ ಗಾಯವಾಗಿದ್ದರಿಂದ ಟಿ20 ತಂಡದಲ್ಲಿ ಜಾಗ ಸಿಕ್ಕಿತು. ಡಿಸೆಂಬರ್ 2ರಂದು ಕ್ಯಾನ್‌ಬೆರಾದಲ್ಲಿ ಏಕದಿನ ಪಂದ್ಯ. ಆಮೇಲೆ ಉಮೇಶ್ ಯಾದವ್ ಗಾಯಗೊಂಡು ಊರಿಗೆ ಮರಳಿದರು, ಟೆಸ್ಟ್ ಬಾಗಿಲೂ ತೆರೆಯಿತು. 2021ರ ಜನವರಿ 15ರಂದು ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಕ್ಯಾಪ್ ಧರಿಸಿ, ಮೊದಲ ಇನಿಂಗ್ಸ್‌ನಲ್ಲೇ ಮೂರು ವಿಕೆಟ್ ಕಿತ್ತರು.